ಮನೆಯ ಅಂತರ್ಜಾಲ ವಿಳಾಸ: ಅದು ಹೇಳುವುದೆಷ್ಟು, ಹೇಳದಿರುವುದೆಷ್ಟು?

ಹೆಸರಿಲ್ಲದ ವ್ಯಕ್ತಿಯನ್ನು ಕರೆಯಲಾಗದು. ವಿಳಾಸವಿಲ್ಲದ ಮನೆಗೆ ಕಾಗದ ತಲುಪದು. ಲೋಕವ್ಯವಹಾರದ ಈ ಸಾಮಾನ್ಯ ನಿಯಮವು ಅಂತರ್ಜಾಲಕ್ಕೂ ಅನ್ವಯಿಸುತ್ತದೆ. ಇಂದು ಪಟ್ಟಣಗಳಲ್ಲಷ್ಟೇ ಅಲ್ಲದೆ ಹಳ್ಳಿಗಳ ಅನೇಕ ಮನೆಗಳಲ್ಲಿಯೂ ಗೋಡೆಯ ಮೇಲೊಂದು ವೈಫೈ ಪೆಟ್ಟಿಗೆ ಕಾಣಸಿಗುತ್ತದೆ. ಮಕ್ಕಳ ಪಾಠ, ಹಿರಿಯರ ಪಿಂಚಣಿಯ ವಿಚಾರ, ಬ್ಯಾಂಕಿನ ಲೇವಾದೇವಿ, ಪರದೇಶದಲ್ಲಿರುವ ಮಗ-ಸೊಸೆಯರೊಡನೆ ಮಾತುಕತೆ ಇವೆಲ್ಲವೂ ಆ ಪೆಟ್ಟಿಗೆಯ ಮೂಲಕವೇ ನಡೆಯುತ್ತವೆ. ಆದರೆ ಆ ಪೆಟ್ಟಿಗೆಗೊಂದು ವಿಳಾಸವಿದೆ, ನಾವು ಅಂತರ್ಜಾಲದಲ್ಲಿ ಯಾವ ಬಾಗಿಲು ತಟ್ಟಿದರೂ ಆ ವಿಳಾಸವು ಅಲ್ಲಿ ದಾಖಲಾಗಬಲ್ಲುದು ಎಂಬ ಸಂಗತಿಯನ್ನು ಅರಿತ ಕುಟುಂಬಗಳು ವಿರಳ. ಇದನ್ನೇ ಐಪಿ ವಿಳಾಸವೆಂದು ಕರೆಯುತ್ತಾರೆ.

ಈ ವಿಷಯದ ಅರಿವಿಲ್ಲದಿರುವುದರಿಂದ ಎರಡು ಬಗೆಯ ಕೇಡು ಉಂಟಾಗುತ್ತಿದೆ. ಕೆಲವರು ಅತಿಯಾಗಿ ಹೆದರುತ್ತಾರೆ. “ನಿಮ್ಮ ಐಪಿ ವಿಳಾಸ ನಮಗೆ ದೊರೆತಿದೆ, ನಿಮ್ಮ ಮೇಲೆ ಮೊಕದ್ದಮೆ ದಾಖಲಾಗಿದೆ” ಎಂದು ವಂಚಕನೊಬ್ಬನು ದೂರವಾಣಿಯಲ್ಲಿ ಗದರಿಸಿದೊಡನೆ ಜೀವಮಾನದ ಉಳಿತಾಯವನ್ನೇ ಅವನ ಖಾತೆಗೆ ಸಲ್ಲಿಸಿಬಿಡುವ ಹಿರಿಯರಿದ್ದಾರೆ. ಇನ್ನು ಕೆಲವರು ಅತಿಯಾಗಿ ಉದಾಸೀನರು. ಮನೆಯ ವೈಫೈ ಗುಪ್ತಪದವನ್ನು ಕೇಳಿದವರಿಗೆಲ್ಲ ಕೊಟ್ಟು, ಅದರಿಂದೇನು ನಷ್ಟವೆನ್ನುತ್ತಾರೆ. ಈ ಭಯಕ್ಕೂ ಉದಾಸೀನಕ್ಕೂ ಮದ್ದು ಒಂದೇ. ಅದು ವಿಷಯದ ಯಥಾರ್ಥ ಜ್ಞಾನ. ಆದ್ದರಿಂದ ಈ ವಿಳಾಸದ ಸ್ವರೂಪವೇನು, ಅದು ಮನೆಯೊಳಗೆ ಹೇಗೆ ವರ್ತಿಸುತ್ತದೆ, ನಮ್ಮ ಕುರಿತು ಹೊರಗಿನವರಿಗೆ ಏನನ್ನು ತಿಳಿಸುತ್ತದೆ, ಏನನ್ನು ತಿಳಿಸಲಾರದು ಎಂಬುದನ್ನು ನಾವಿಲ್ಲಿ ಕ್ರಮವಾಗಿ ನಿರೂಪಿಸಬಯಸುತ್ತೇವೆ.

ವಿಳಾಸದ ಸ್ವರೂಪ

ಐಪಿ ಎಂಬುದು ಇಂಟರ್‌ನೆಟ್ ಪ್ರೊಟೊಕಾಲ್ ಎಂಬುದರ ಹ್ರಸ್ವರೂಪ. ಪ್ರೊಟೊಕಾಲ್ ಎಂದರೆ ಇಲ್ಲಿ ಎಲ್ಲ ಗಣಕಯಂತ್ರಗಳೂ ಒಪ್ಪಿ ನಡೆಯುವ ಒಡಂಬಡಿಕೆ. ಇಂದಿಗೂ ಬಳಕೆಯಲ್ಲಿರುವ ಇದರ ನಾಲ್ಕನೆಯ ಆವೃತ್ತಿಯನ್ನು ಅಮೆರಿಕೆಯ ಜಾನ್ ಪೋಸ್ಟೆಲ್ ಅವರ ಸಂಪಾದಕತ್ವದಲ್ಲಿ 1981ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಲಾಯಿತು. ಅಂತರ್ಜಾಲದ ಪೂರ್ವರೂಪವಾದ ಅರ್ಪಾನೆಟ್ ಎಂಬ ಜಾಲವು 1983ರ ಜನವರಿ 1ರಂದು ಈ ಒಡಂಬಡಿಕೆಗೆ ಬದಲಾಯಿಸಿಕೊಂಡಿತು. ನಮ್ಮ ದೇಶದ ಸಾರ್ವಜನಿಕರಿಗೆ ಅಂತರ್ಜಾಲ ಸೇವೆಯು ವಿದೇಶ ಸಂಚಾರ ನಿಗಮದ ಮೂಲಕ ದೊರೆತದ್ದು 1995ರ ಆಗಸ್ಟ್ 15ರಂದು.

ನಾಲ್ಕನೆಯ ಆವೃತ್ತಿಯ ವಿಳಾಸದಲ್ಲಿ ಚುಕ್ಕೆಗಳಿಂದ ಬೇರ್ಪಡಿಸಿದ ನಾಲ್ಕು ಸಂಖ್ಯೆಗಳಿರುತ್ತವೆ. ಪ್ರತಿಯೊಂದು ಸಂಖ್ಯೆಯೂ 0ಯಿಂದ 255ರವರೆಗೆ ಇರಬಹುದು. ಹೀಗೆ ಲೆಕ್ಕ ಹಾಕಿದರೆ ಒಟ್ಟು 4,29,49,67,296 ವಿಳಾಸಗಳು ದೊರೆಯುತ್ತವೆ. ಅಂದರೆ ಸುಮಾರು 430 ಕೋಟಿ. 1981ರಲ್ಲಿ ಇದು ಬರಿದಾಗದ ನಿಧಿಯಂತೆ ತೋರಿದ್ದರೆ ಆಶ್ಚರ್ಯವಿಲ್ಲ.

ನಾವು ಒಂದು ಚಿತ್ರವನ್ನೋ ಪತ್ರವನ್ನೋ ಕಳುಹಿಸಿದಾಗ ಅದು ಅಖಂಡವಾಗಿ ಸಾಗುವುದಿಲ್ಲ. ಸಣ್ಣ ಸಣ್ಣ ಪೊಟ್ಟಣಗಳಾಗಿ ವಿಭಾಗಗೊಂಡು ಸಾಗುತ್ತದೆ. ಪ್ರತಿ ಪೊಟ್ಟಣದ ಮೇಲೂ ಎರಡು ವಿಳಾಸಗಳಿರುತ್ತವೆ. ಒಂದು ತಲುಪಬೇಕಾದವರದು, ಇನ್ನೊಂದು ಕಳುಹಿಸಿದವರದು. ಕಳುಹಿಸಿದವರ ವಿಳಾಸವಿಲ್ಲದೆ ಉತ್ತರ ಮರಳಿ ಬಾರದು. ಆದಕಾರಣ ಐಪಿ ವಿಳಾಸವು ಹೊರಗೆ ತಿಳಿಯುವುದು ಒಂದು ದೋಷವಲ್ಲ, ಸೋರಿಕೆಯೂ ಅಲ್ಲ. ಅಂತರ್ಜಾಲವು ಕೆಲಸ ಮಾಡುವ ರೀತಿಯೇ ಅದು. ಈ ಮೂಲತತ್ತ್ವವನ್ನು ಮನಗಂಡರೆ ಮುಂದಿನದೆಲ್ಲ ಸುಲಭವಾಗುತ್ತದೆ.

ಮನೆಯೊಳಗಿನ ವಿಳಾಸ, ಮನೆಯ ಹೊರಗಿನ ವಿಳಾಸ

ಮನೆಗೆ ಬರುವ ವಿಳಾಸ ಒಂದು. ಮನೆಯೊಳಗೆ ಮೊಬೈಲು, ಗಣಕಯಂತ್ರ, ದೂರದರ್ಶನ, ಕ್ಯಾಮೆರಾ ಎಂದು ಹತ್ತಾರು ಉಪಕರಣಗಳು. ಇವೆಲ್ಲಕ್ಕೂ ಒಂದೇ ವಿಳಾಸ ಹೇಗೆ ಸಾಲುತ್ತದೆ? ಇದಕ್ಕೆ ಉತ್ತರವಾಗಿ ತಜ್ಞರು ಕೆಲವು ಸಂಖ್ಯೆಗಳನ್ನು ಮನೆ, ಕಚೇರಿಗಳ ಒಳಬಳಕೆಗೆಂದೇ ಮೀಸಲಿರಿಸಿದರು. 1996ರ ಫೆಬ್ರವರಿಯಲ್ಲಿ ಪ್ರಕಟವಾದ ನಿಯಮದಂತೆ 10ರಿಂದ ಆರಂಭವಾಗುವ ವಿಳಾಸಗಳು, 172.16ರಿಂದ 172.31ರವರೆಗಿನವು ಹಾಗೂ 192.168ರಿಂದ ಆರಂಭವಾಗುವವು ಈ ವರ್ಗಕ್ಕೆ ಸೇರುತ್ತವೆ. ನಿಮ್ಮ ಮೊಬೈಲಿನ ವೈಫೈ ವಿವರವನ್ನು ತೆರೆದು ನೋಡಿದರೆ ಬಹುಮಟ್ಟಿಗೆ 192.168 ಎಂದು ಆರಂಭವಾಗುವ ಸಂಖ್ಯೆಯೇ ಕಾಣುತ್ತದೆ. ಅದೇ ಸಂಖ್ಯೆ ಧಾರವಾಡದ ಮನೆಯಲ್ಲಿಯೂ ಇದ್ದೀತು, ಲಂಡನ್ನಿನ ಮನೆಯಲ್ಲಿಯೂ ಇದ್ದೀತು. ನಮ್ಮಲ್ಲಿ ಪ್ರತಿ ಮನೆಯಲ್ಲಿಯೂ ‘ಅಡುಗೆಮನೆ’, ‘ಪಡಸಾಲೆ’ ಇರುವಂತೆ ಇವು ಒಳಗಿನವರಿಗಷ್ಟೇ ಅರ್ಥವಾಗುವ ಹೆಸರುಗಳು. ಪಡಸಾಲೆ ಎಂದಷ್ಟೇ ಬರೆದು ಅಂಚೆಗೆ ಹಾಕಿದರೆ ಕಾಗದ ಎಲ್ಲಿಗೂ ತಲುಪದು. ಹಾಗೆಯೇ ಈ ಒಳವಿಳಾಸವನ್ನು ತಿಳಿದ ಪರಕೀಯನು ನಮ್ಮ ಮನೆಯನ್ನು ಹುಡುಕಲಾರ.

ಒಳವಿಳಾಸವನ್ನು ಹಂಚುವವನು ರೌಟರ್ ಎಂಬ ಪೆಟ್ಟಿಗೆ. ಛತ್ರದ ವ್ಯವಸ್ಥಾಪಕನು ಬಂದ ಯಾತ್ರಿಕರಿಗೆ ಬರಿದಾದ ಕೋಣೆಯ ಸಂಖ್ಯೆಯನ್ನು ಕೊಡುವಂತೆ ಅದು ಪ್ರತಿ ಉಪಕರಣಕ್ಕೂ ಒಂದು ಸಂಖ್ಯೆಯನ್ನು ನಿಯಮಿತ ಅವಧಿಗೆ ಕೊಡುತ್ತದೆ. ಅವಧಿ ಮುಗಿದರೆ ನವೀಕರಿಸುತ್ತದೆ. ಉಪಕರಣವು ಹೊರಟುಹೋದರೆ ಆ ಸಂಖ್ಯೆಯನ್ನು ಬೇರೊಂದಕ್ಕೆ ನೀಡುತ್ತದೆ.

ಇನ್ನು ಹೊರಗಿನ ವ್ಯವಹಾರ. ಅವಿಭಕ್ತ ಕುಟುಂಬಗಳಲ್ಲಿ ಎಲ್ಲರ ಕಾಗದಗಳೂ ಮನೆಯ ಯಜಮಾನರ ಮಾರ್ಫತ್ತಿನಿಂದ ಬರುತ್ತಿದ್ದುದನ್ನು ನಮ್ಮ ತಲೆಮಾರಿನವರು ಬಲ್ಲರು. ರೌಟರ್ ಮಾಡುವುದೂ ಅದನ್ನೇ. ಮನೆಯ ಯಾವ ಉಪಕರಣದಿಂದ ಪೊಟ್ಟಣ ಹೊರಟರೂ ಅದರ ಒಳವಿಳಾಸವನ್ನು ಅಳಿಸಿ, ಮನೆಯ ಒಂದೇ ಹೊರವಿಳಾಸವನ್ನು ಬರೆದು ಕಳುಹಿಸುತ್ತದೆ. ಯಾರು ಕಳುಹಿಸಿದರೆಂಬುದನ್ನು ತನ್ನ ನೆನಪಿನ ಪಟ್ಟಿಯಲ್ಲಿ ಗುರುತಿಸಿಕೊಂಡು, ಉತ್ತರ ಬಂದಾಗ ಆಯಾ ಉಪಕರಣಕ್ಕೆ ತಲುಪಿಸುತ್ತದೆ. 1994ರಲ್ಲಿ ನಿರೂಪಿತವಾದ ಈ ವಿಧಾನಕ್ಕೆ ನ್ಯಾಟ್ ಎಂದು ಹೆಸರು. ಇದರ ಫಲವನ್ನು ಓದುಗರು ಲಕ್ಷ್ಯದಲ್ಲಿಡಬೇಕು: ಹೊರಗಿನವರಿಗೆ ಕಾಣುವುದು ಮನೆ, ಮನೆಯೊಳಗಿನ ವ್ಯಕ್ತಿಯಲ್ಲ. ತಾತ ಪತ್ರಿಕೆ ಓದಿದರೂ, ಮೊಮ್ಮಗ ಆಟವಾಡಿದರೂ, ಅತಿಥಿ ಚಲಚ್ಚಿತ್ರ ನೋಡಿದರೂ ಹೊರಗಿನ ಪುಸ್ತಕದಲ್ಲಿ ದಾಖಲಾಗುವುದು ಒಂದೇ ಸಂಖ್ಯೆ.

ಸಂಖ್ಯೆಗಳ ಅಭಾವ

430 ಕೋಟಿಯ ನಿಧಿಯೂ ಬರಿದಾಯಿತು. 2011ರ ಫೆಬ್ರವರಿ 3ರಂದು ಜಾಗತಿಕ ಭಂಡಾರದಲ್ಲಿ ಉಳಿದಿದ್ದ ಕೊನೆಯ ಐದು ಗುಂಪುಗಳನ್ನು ಭೂಮಂಡಲದ ಐದು ಪ್ರಾದೇಶಿಕ ಸಂಸ್ಥೆಗಳಿಗೆ ಹಂಚಿ ಕೈ ತೊಳೆಯಲಾಯಿತು. ಏಷ್ಯಾ-ಪೆಸಿಫಿಕ್ ಪ್ರದೇಶದ ಪಾಲನ್ನು ನೋಡಿಕೊಳ್ಳುವ ಏಪ್ನಿಕ್ ಸಂಸ್ಥೆಯು ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದಲ್ಲಿದೆ. ಈ ಅಭಾವದ ಕಾರಣದಿಂದ ಅನೇಕ ಸೇವಾ ಸಂಸ್ಥೆಗಳು ಒಂದೇ ಹೊರವಿಳಾಸವನ್ನು ಹಲವು ಮನೆಗಳಿಗೆ, ಮೊಬೈಲುಗಳಿಗಾದರೆ ಇನ್ನೂ ಹೆಚ್ಚಿನ ಸಂಖ್ಯೆಯ ಗ್ರಾಹಕರಿಗೆ ಹಂಚುತ್ತವೆ. ಇಂತಹ ಹಂಚಿಕೆಯ ಬಳಕೆಗೆಂದು 100.64ರಿಂದ 100.127ರವರೆಗಿನ ವಿಳಾಸಗಳನ್ನು 2012ರಲ್ಲಿ ಮೀಸಲಿಡಲಾಯಿತು. ನಿಮ್ಮ ರೌಟರಿನ ಹೊರಬದಿಯ ವಿಳಾಸವು ಈ ಶ್ರೇಣಿಯಲ್ಲಿದ್ದರೆ, ಜಗತ್ತಿಗೆ ಕಾಣುವ ನಿಮ್ಮ ವಿಳಾಸವು ನಿಮ್ಮೊಬ್ಬರದಲ್ಲ ಎಂದು ತಿಳಿಯಬಹುದು. ಆಗ ಒಂದು ಕೆಲಸ ಮಾಡಿದವರಾರೆಂದು ಪತ್ತೆ ಹಚ್ಚಲು ವಿಳಾಸವೊಂದೇ ಸಾಲದು. ನಿಖರವಾದ ಸಮಯವೂ, ಪೋರ್ಟ್ ಎಂಬ ಉಪಸಂಖ್ಯೆಯೂ ಬೇಕಾಗುತ್ತವೆ.

ಇದಕ್ಕೆ ಶಾಶ್ವತ ಪರಿಹಾರವೆಂದು ರೂಪಿಸಿದ್ದು ಆರನೆಯ ಆವೃತ್ತಿ. 1995ರ ಡಿಸೆಂಬರ್‌ನಲ್ಲಿ ಮೊದಲು ಪ್ರಕಟವಾಗಿ 2017ರಲ್ಲಿ ಪೂರ್ಣ ಮಾನಕವಾದ ಇದರಲ್ಲಿ ಒಟ್ಟು ವಿಳಾಸಗಳ ಸಂಖ್ಯೆಯನ್ನು ಬರೆಯಲು 39 ಅಂಕಿಗಳು ಬೇಕು. ಇದರ ಬಳಕೆಯಲ್ಲಿ ಭಾರತವು ಜಗತ್ತಿನ ಮುಂಚೂಣಿಯ ದೇಶಗಳಲ್ಲೊಂದಾಗಿದೆ. ಈ ವ್ಯವಸ್ಥೆಯಲ್ಲಿ ಮನೆಯ ಪ್ರತಿ ಉಪಕರಣಕ್ಕೂ ಜಗತ್ತಿಗೆ ಕಾಣುವ ಸ್ವಂತ ವಿಳಾಸವಿರಬಹುದು. ಆರಂಭದಲ್ಲಿ ಉಪಕರಣದ ಕಾರ್ಖಾನೆಯ ಗುರುತಿನ ಸಂಖ್ಯೆಯನ್ನೇ ವಿಳಾಸದ ಉತ್ತರಾರ್ಧದಲ್ಲಿ ಸೇರಿಸುವ ಪದ್ಧತಿಯಿದ್ದಿತು. ಅದರಿಂದ ಒಂದೇ ಉಪಕರಣವನ್ನು ಎಲ್ಲಿ ಹೋದರೂ ಗುರುತಿಸಲು ಸಾಧ್ಯವಾಗುತ್ತಿತ್ತು. ಈ ಅಪಾಯವನ್ನು ಮನಗಂಡು, ಉತ್ತರಾರ್ಧವನ್ನು ಆಗಾಗ ಬದಲಿಸುವ ಕ್ರಮವನ್ನು 2001ರಲ್ಲಿ ರೂಪಿಸಲಾಯಿತು. ಆದರೂ ಪೂರ್ವಾರ್ಧವು ಮನೆಯ ಸಂಪರ್ಕವನ್ನು ಸೂಚಿಸುತ್ತಲೇ ಇರುತ್ತದೆ.

ವಿಳಾಸವು ತಿಳಿಸುವುದೇನು?

ನಮ್ಮ ಐಪಿ ವಿಳಾಸ ಕೈಗೆ ಸಿಕ್ಕ ಸಾಮಾನ್ಯ ಮನುಷ್ಯನಿಗೆ ಮೂರು ಸಂಗತಿಗಳು ತಿಳಿಯುತ್ತವೆ. ಮೊದಲನೆಯದು, ಆ ವಿಳಾಸವು ಯಾವ ಸೇವಾ ಸಂಸ್ಥೆಗೆ ಸೇರಿದೆಯೆಂಬುದು. ಇದು ಬಹಿರಂಗ ದಾಖಲೆ. ಎರಡನೆಯದು, ದೇಶ, ಇದು ಸಾಮಾನ್ಯವಾಗಿ ಸರಿಯಾಗಿರುತ್ತದೆ. ಮೂರನೆಯದು, ಊರು ಅಥವಾ ಪ್ರದೇಶ. ಇದು ಕೇವಲ ಅಂದಾಜು. ಗದಗಿನ ಮನೆಯ ವಿಳಾಸವು ಬೆಂಗಳೂರೆಂದೋ ಮುಂಬಯಿಯೆಂದೋ ತೋರುವುದು ಅಪರೂಪವಲ್ಲ. ಏಕೆಂದರೆ ಈ ನಕ್ಷೆಗಳನ್ನು ಖಾಸಗಿ ಸಂಸ್ಥೆಗಳು ಹಲವು ಮೂಲಗಳಿಂದ ಊಹಿಸಿ ಸಿದ್ಧಪಡಿಸಿರುತ್ತವೆ. ಮನೆಯ ಯಜಮಾನರ ಹೆಸರು, ಬಾಗಿಲ ಸಂಖ್ಯೆ, ದೂರವಾಣಿ, ಬ್ಯಾಂಕ್ ಖಾತೆ ಇವಾವುವೂ ಐಪಿ ವಿಳಾಸದಲ್ಲಿ ಅಡಗಿಲ್ಲ.

ಹೆಸರು ಮತ್ತು ಮನೆಯನ್ನು ಬಲ್ಲದ್ದು ನಮ್ಮ ಸೇವಾ ಸಂಸ್ಥೆ ಮಾತ್ರ. ಯಾವ ದಿನ, ಯಾವ ಗಳಿಗೆಯಲ್ಲಿ, ಯಾವ ವಿಳಾಸವನ್ನು ಯಾವ ಗ್ರಾಹಕನಿಗೆ ಕೊಟ್ಟಿತ್ತೆಂಬ ಲೆಕ್ಕವು ಅದರ ಬಳಿ ಇರುತ್ತದೆ. ಇಂತಹ ದಾಖಲೆಗಳನ್ನು ಕನಿಷ್ಠ ಎರಡು ವರ್ಷ ಇಟ್ಟುಕೊಳ್ಳಬೇಕೆಂದು ದೂರಸಂಪರ್ಕ ಇಲಾಖೆಯು 2021ರ ಡಿಸೆಂಬರ್‌ನಲ್ಲಿ ಪರವಾನಗಿಯ ಷರತ್ತನ್ನು ತಿದ್ದುಪಡಿ ಮಾಡಿತು. ಕಾನೂನಿನ ಪ್ರಕಾರ ತನಿಖಾಧಿಕಾರಿಗಳು ಕೇಳಿದಾಗ ಸಂಸ್ಥೆಯು ಅದನ್ನು ಒದಗಿಸುತ್ತದೆ. ಬೀಗದ ಗುರುತುಳ್ಳ ತಾಣಗಳಲ್ಲಿ ನಾವೇನು ಓದಿದೆವು, ಏನು ಬರೆದೆವು ಎಂಬುದು ಆ ಸಂಸ್ಥೆಗೂ ಕಾಣದು. ಯಾರ ಮನೆಗೆ ಹೋದೆವೆಂಬುದು ಕಂಡೀತು, ಒಳಗೆ ಏನು ಮಾತಾಡಿದೆವೆಂಬುದು ಕೇಳಿಸದು.

ಹಾಗೆಂದು ವಿಳಾಸವು ನಿರುಪದ್ರವಿಯೆಂದೂ ಹೇಳಲಾಗದು. ಒಂದೇ ವಿಳಾಸದಿಂದ ತಿಂಗಳುಗಟ್ಟಲೆ ಬಂದ ಭೇಟಿಗಳನ್ನು ಜೋಡಿಸಿ, ಅದಕ್ಕೆ ನಾವೇ ಕೊಟ್ಟ ಹೆಸರು, ಮಿಂಚಂಚೆ, ಖರೀದಿಯ ವಿವರಗಳನ್ನು ಸೇರಿಸಿದರೆ ಕುಟುಂಬದ ಚಿತ್ರವೊಂದು ಮೂಡುತ್ತದೆ. ಇದೇ ಕಾರಣದಿಂದ ಯುರೋಪಿನ ನ್ಯಾಯಾಲಯವು 2016ರ ಅಕ್ಟೋಬರ್‌ನಲ್ಲಿ, ಆಗಾಗ ಬದಲಾಗುವ ಐಪಿ ವಿಳಾಸವೂ ಕೆಲವು ಸಂದರ್ಭಗಳಲ್ಲಿ ವ್ಯಕ್ತಿಯ ಖಾಸಗಿ ದತ್ತಾಂಶವಾಗಬಲ್ಲುದೆಂದು ತೀರ್ಪಿತ್ತಿತು.

ಮೂರು ಪ್ರಸಂಗಗಳು

ಈ ವಿಚಾರವು ಬರಿಯ ತಾಂತ್ರಿಕ ಚರ್ಚೆಯಲ್ಲವೆಂಬುದಕ್ಕೆ ಮೂರು ನಿಜಪ್ರಸಂಗಗಳನ್ನು ನಾವು ಓದುಗರ ಮುಂದಿಡುತ್ತೇವೆ.

ಮೊದಲನೆಯದು ನಮ್ಮ ಬೆಂಗಳೂರಿನದು. 2007ರಲ್ಲಿ ಆರ್ಕುಟ್ ಎಂಬ ಜಾಲತಾಣದಲ್ಲಿ ಛತ್ರಪತಿ ಶಿವಾಜಿಯವರನ್ನು ಅವಮಾನಿಸುವ ಚಿತ್ರವೊಂದು ಕಾಣಿಸಿಕೊಂಡಿತು. ಪುಣೆಯ ಪೊಲೀಸರು ಐಪಿ ವಿಳಾಸದ ಜಾಡು ಹಿಡಿದು ಸೇವಾ ಸಂಸ್ಥೆಯನ್ನು ವಿಚಾರಿಸಿದರು. ಸಂಸ್ಥೆ ಕೊಟ್ಟ ಮಾಹಿತಿಯ ಆಧಾರದ ಮೇಲೆ ಆಗಸ್ಟ್ ಕೊನೆಯಲ್ಲಿ ಬೆಂಗಳೂರಿನ ಯುವ ತಂತ್ರಾಂಶ ಇಂಜಿನಿಯರೊಬ್ಬರನ್ನು ಬಂಧಿಸಿ ಪುಣೆಗೆ ಕೊಂಡೊಯ್ದರು. ಕೊಟ್ಟ ಮಾಹಿತಿಯೇ ತಪ್ಪಾಗಿದ್ದಿತು. ಆ ತರುಣನಿಗೂ ಚಿತ್ರಕ್ಕೂ ಸಂಬಂಧವಿರಲಿಲ್ಲ. ಆದರೂ ಅವರು ಸುಮಾರು 50 ದಿನಗಳನ್ನು ಕಾರಾಗೃಹದಲ್ಲಿ ಕಳೆಯಬೇಕಾಯಿತು. ಐಪಿ ವಿಳಾಸವು ಸುಳಿವೇ ಹೊರತು ಸಾಕ್ಷ್ಯದ ಪೂರ್ಣರೂಪವಲ್ಲ ಎಂಬುದಕ್ಕೆ ಇದಕ್ಕಿಂತ ಕಠಿಣವಾದ ನಿದರ್ಶನ ಬೇಕಿಲ್ಲ. ವಿಳಾಸದ ಲೆಕ್ಕದಲ್ಲಿ ಸಮಯವೂ ಮುಖ್ಯ. ಅನೇಕ ತಾಣಗಳು ದಾಖಲೆಯನ್ನು ಗ್ರೀನಿಚ್‌ಗೆ ಸರಿಹೊಂದುವ ಜಾಗತಿಕ ಕಾಲಮಾನದಲ್ಲಿ ಬರೆಯುತ್ತವೆ. ನಮ್ಮ ಕಾಲಮಾನವು ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಇದನ್ನು ಮರೆತರೆ ಒಬ್ಬರ ವಿಳಾಸವು ಇನ್ನೊಬ್ಬರ ತಲೆಗೆ ಬರುತ್ತದೆ.

ಎರಡನೆಯದು ಅಮೆರಿಕೆಯ ಕಾನ್ಸಾಸ್ ರಾಜ್ಯದ ಪಾಟ್‌ವಿನ್ ಊರಿನ ಬಳಿಯ ಒಂದು ಹೊಲದ ಮನೆಯ ಕಥೆ. ಐಪಿ ವಿಳಾಸಗಳ ನಕ್ಷೆ ತಯಾರಿಸುವ ಮ್ಯಾಕ್ಸ್‌ಮೈಂಡ್ ಎಂಬ ಸಂಸ್ಥೆಯು, ಅಮೆರಿಕೆಯದೆಂದು ಮಾತ್ರ ಗೊತ್ತಿದ್ದು ಊರು ಗೊತ್ತಿಲ್ಲದ ವಿಳಾಸಗಳನ್ನೆಲ್ಲ ದೇಶದ ಮಧ್ಯಭಾಗದ ಒಂದು ಬಿಂದುವಿಗೆ ಸೂಚಿಸುತ್ತಿತ್ತು. ಲೆಕ್ಕವನ್ನು ಸುಲಭಗೊಳಿಸಲು ಅದು ಆಯ್ದುಕೊಂಡ 38 ಅಕ್ಷಾಂಶ, 97 ರೇಖಾಂಶದ ಬಿಂದುವಿನ ಬಳಿಯೇ ಆ ಮನೆಯಿದ್ದಿತು. 60 ಕೋಟಿಗೂ ಹೆಚ್ಚು ವಿಳಾಸಗಳು ಆ ಬಿಂದುವಿಗೆ ಅಂಟಿಕೊಂಡಿದ್ದವು. ಪರಿಣಾಮವಾಗಿ ಕಳವಾದ ವಸ್ತುಗಳನ್ನು ಹುಡುಕುವವರು, ವಂಚನೆಗೊಳಗಾದವರು, ಓಡಿಹೋದ ಮಕ್ಕಳನ್ನು ಅರಸುವ ಪೊಲೀಸರು ವರ್ಷಗಟ್ಟಲೆ ಆ ನಿರಪರಾಧಿಗಳ ಬಾಗಿಲಿಗೆ ಬಂದರು. ಪತ್ರಕರ್ತೆ ಕಾಶ್ಮೀರ್ ಹಿಲ್ ಅವರು 2016ರಲ್ಲಿ ಕಾರಣವನ್ನು ಬಯಲಿಗೆಳೆದ ಮೇಲೆ ಸಂಸ್ಥೆಯು ಆ ಬಿಂದುವನ್ನು ಒಂದು ಜಲಾಶಯದ ನಡುವಿಗೆ ಸ್ಥಳಾಂತರಿಸಿತು. ನಕ್ಷೆಯಲ್ಲಿ ಚುಕ್ಕೆಯಿದೆಯೆಂದ ಮಾತ್ರಕ್ಕೆ ಅಲ್ಲಿ ಮನುಷ್ಯನಿದ್ದಾನೆಂದು ನಂಬಬಾರದು.

ಮೂರನೆಯದು 2008ರದು. ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟಗಳು ನಡೆಯುವುದಕ್ಕೆ ಕೆಲವೇ ನಿಮಿಷಗಳ ಮೊದಲು ಮಾಧ್ಯಮಗಳಿಗೆ ಬೆದರಿಕೆಯ ಮಿಂಚಂಚೆ ಬಂದಿತು. ಐಪಿ ವಿಳಾಸದ ಜಾಡು ನವಿ ಮುಂಬಯಿಯಲ್ಲಿ ವಾಸವಿದ್ದ ಅಮೆರಿಕೆಯ ಪ್ರಜೆಯೊಬ್ಬರ ಮನೆಗೆ ತಲುಪಿತು. ಅವರ ವೈಫೈಗೆ ಸರಿಯಾದ ಭದ್ರತೆ ಇರಲಿಲ್ಲ; ದುಷ್ಕರ್ಮಿಗಳು ಅದನ್ನು ಬಳಸಿಕೊಂಡು ಮಿಂಚಂಚೆ ಕಳುಹಿಸಿದ್ದರು. ಮನೆಯ ಯಜಮಾನರು ಕಠಿಣ ವಿಚಾರಣೆಯನ್ನು ಎದುರಿಸಬೇಕಾಯಿತು. ಬಾಗಿಲು ತೆರೆದಿಟ್ಟ ಮನೆಯಲ್ಲಿ ಪರರು ಮಾಡಿದ ಕೃತ್ಯಕ್ಕೆ ಮೊದಲು ಉತ್ತರ ಹೇಳಬೇಕಾದವನು ಮನೆಯೊಡೆಯನೇ.

ಬೆದರಿಕೆಯ ಕರೆಗಳು

ಮೇಲಿನದನ್ನು ಅರಿತವರಿಗೆ ವಂಚಕರ ಮಾತಿನ ಟೊಳ್ಳುತನ ತಾನಾಗಿ ತಿಳಿಯುತ್ತದೆ. “ನಿಮ್ಮ ಐಪಿ ವಿಳಾಸದಿಂದ ಅಶ್ಲೀಲ ಚಿತ್ರಗಳನ್ನು ನೋಡಲಾಗಿದೆ, ಈಗಲೇ ದಂಡ ಕಟ್ಟದಿದ್ದರೆ ಬಂಧಿಸುತ್ತೇವೆ” ಎಂಬ ಕರೆಯೋ ಪತ್ರವೋ ಬಂದರೆ ಮೂರು ಸಂಗತಿಗಳನ್ನು ನೆನೆಯಬೇಕು. ಐಪಿ ವಿಳಾಸವನ್ನು ತಿಳಿಯುವುದು ಯಾರಿಗೂ ದೊಡ್ಡ ಸಾಹಸವಲ್ಲ. ಅದನ್ನು ಹೇಳಿದ ಮಾತ್ರಕ್ಕೆ ಅವನು ಅಧಿಕಾರಿಯಾಗುವುದಿಲ್ಲ. ನಿಜವಾದ ಪೊಲೀಸರು ವಿಡಿಯೊ ಕರೆಯಲ್ಲಿ ವಿಚಾರಣೆ ನಡೆಸಿ ಹಣ ಕೇಳುವುದಿಲ್ಲ. ‘ಡಿಜಿಟಲ್ ಬಂಧನ’ ಎಂಬುದು ನಮ್ಮ ದೇಶದ ಯಾವ ಕಾನೂನಿನಲ್ಲಿಯೂ ಇಲ್ಲ. ಪ್ರಧಾನಮಂತ್ರಿಗಳು 2024ರ ಅಕ್ಟೋಬರ್ 27ರ ತಮ್ಮ ಬಾನುಲಿ ಭಾಷಣದಲ್ಲಿ ಇದನ್ನೇ ಸ್ಪಷ್ಟಪಡಿಸಿದರು. ಇಂತಹ ಕರೆ ಬಂದಾಗ ಮಾತು ಬೆಳೆಸದೆ ಕರೆಯನ್ನು ಕಡಿದು, ಮನೆಯವರಿಗೆ ತಿಳಿಸಿ, ಹಣ ಹೋಗಿದ್ದರೆ ವಿಳಂಬವಿಲ್ಲದೆ 1930 ಸಂಖ್ಯೆಗೆ ದೂರು ಕೊಡಬೇಕು. ಒಂಟಿಯಾಗಿರುವ ಹಿರಿಯರಿಗೆ ಈ ಮಾತನ್ನು ಮಕ್ಕಳು ಮೊದಲೇ ತಿಳಿಹೇಳಿರುವುದು ಶ್ರೇಯಸ್ಕರ.

ಗೃಹಸ್ಥರು ಮಾಡಬೇಕಾದುದು

ರೌಟರಿಗೆ ಎರಡು ಗುಪ್ತಪದಗಳಿರುತ್ತವೆ. ಒಂದು ವೈಫೈ ಸೇರಲು, ಇನ್ನೊಂದು ರೌಟರಿನ ಆಡಳಿತಕ್ಕೆ. ಎರಡನೆಯದನ್ನು ಬಹುತೇಕರು ಬದಲಿಸುವುದೇ ಇಲ್ಲ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಕಾರ್ಖಾನೆಯಲ್ಲಿ ಇಟ್ಟ ಅರವತ್ತಕ್ಕೂ ಹೆಚ್ಚು ಸಾಮಾನ್ಯ ಗುಪ್ತಪದಗಳನ್ನು ಪ್ರಯೋಗಿಸಿಯೇ ಲಕ್ಷಾಂತರ ಮನೆಯ ಕ್ಯಾಮೆರಾ, ರೌಟರುಗಳನ್ನು ವಶಪಡಿಸಿಕೊಂಡಿತು. ಆ ವರ್ಷದ ಅಕ್ಟೋಬರ್ 21ರಂದು ಅವುಗಳ ಮೂಲಕ ನಡೆದ ದಾಳಿಯಿಂದ ಅಮೆರಿಕೆಯ ಅನೇಕ ಪ್ರಸಿದ್ಧ ತಾಣಗಳು ಸ್ತಬ್ಧವಾದವು. ಆದುದರಿಂದ ಎರಡೂ ಗುಪ್ತಪದಗಳನ್ನು ಬದಲಿಸಿ, ದೀರ್ಘವಾದವನ್ನು ಇಟ್ಟುಕೊಳ್ಳಬೇಕು. ಬಂದುಹೋಗುವವರಿಗೆ ಬಹುತೇಕ ರೌಟರುಗಳಲ್ಲಿರುವ ಅತಿಥಿ ವೈಫೈಯನ್ನು ಪ್ರತ್ಯೇಕವಾಗಿ ತೆರೆದುಕೊಡಬಹುದು. ಆದರೆ ಹೊರವಿಳಾಸವು ಆಗಲೂ ನಿಮ್ಮದೇ ಎಂಬುದನ್ನು ಮರೆಯಬಾರದು. ಬಾಡಿಗೆದಾರರು ತಮ್ಮ ಹೆಸರಿನಲ್ಲಿಯೇ ಸಂಪರ್ಕ ಪಡೆಯುವುದು ಇಬ್ಬರಿಗೂ ಕ್ಷೇಮ.

ವಾಟ್ಸ್ಆ್ಯಪ್‌ನಲ್ಲಿ ಇಬ್ಬರು ಮಾತನಾಡುವಾಗ ಧ್ವನಿಯು ನೇರವಾಗಿ ಸಾಗುವ ಸಂದರ್ಭದಲ್ಲಿ ಒಬ್ಬರ ಐಪಿ ವಿಳಾಸವು ಇನ್ನೊಬ್ಬರಿಗೆ ತಿಳಿಯುವ ಸಾಧ್ಯತೆಯಿದೆ. ಅದನ್ನು ಮರೆಮಾಡುವ ಸೌಲಭ್ಯವನ್ನು 2023ರ ನವೆಂಬರ್‌ನಲ್ಲಿ ಪ್ರಕಟಿಸಲಾಯಿತು. ಸೆಟ್ಟಿಂಗ್ಸ್‌ನ ಪ್ರೈವೆಸಿ ವಿಭಾಗದಲ್ಲಿ ಅದನ್ನು ಚಾಲನೆಗೊಳಿಸಬಹುದು. ಅಪರಿಚಿತರ ಕರೆಗಳನ್ನು ಸ್ವೀಕರಿಸಬೇಕಾದವರಿಗೆ ಇದು ಉಪಯುಕ್ತ.

ಹರೆಯದ ಮಕ್ಕಳಲ್ಲಿ ಎರಡು ತಪ್ಪು ನಂಬಿಕೆಗಳಿವೆ. ಇನ್‌ಕಾಗ್ನಿಟೊ ಎಂಬ ಕಿಟಕಿಯಲ್ಲಿ ನೋಡಿದರೆ ಯಾರಿಗೂ ತಿಳಿಯದೆಂಬುದು ಒಂದು. ಆ ಕಿಟಕಿಯು ನಮ್ಮ ಯಂತ್ರದಲ್ಲಿ ಗುರುತು ಉಳಿಸದು, ಅಷ್ಟೇ. ಹೊರಗಿನವರಿಗೆ ಐಪಿ ವಿಳಾಸ ಯಥಾಪ್ರಕಾರ ಕಾಣುತ್ತದೆ. ವಿಪಿಎನ್ ಬಳಸಿದರೆ ಪೂರ್ಣ ಅದೃಶ್ಯರಾಗುತ್ತೇವೆಂಬುದು ಇನ್ನೊಂದು. ಅದರಿಂದ ತಾಣಗಳಿಗೆ ನಮ್ಮ ವಿಳಾಸದ ಬದಲು ವಿಪಿಎನ್ ಸಂಸ್ಥೆಯ ವಿಳಾಸ ಕಾಣುವುದು ನಿಜ. ಆದರೆ ನಮ್ಮ ವಿಳಾಸವನ್ನು ಆ ಸಂಸ್ಥೆ ಬಲ್ಲದು. ನಮ್ಮ ದೇಶದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ಹೊರಡಿಸಿದ ಆದೇಶದಂತೆ ವಿಪಿಎನ್ ಸಂಸ್ಥೆಗಳು ಗ್ರಾಹಕರ ವಿವರಗಳನ್ನು ಐದು ವರ್ಷ ಕಾಯ್ದಿಡಬೇಕೆಂದು ವಿಧಿಸಲಾಯಿತು. ಉಚಿತವಾಗಿ ಸಿಗುವ ಅಜ್ಞಾತ ವಿಪಿಎನ್‌ಗಳನ್ನು ನಂಬುವುದು ಮನೆಯ ಕೀಲಿಕೈಯನ್ನು ದಾರಿಹೋಕನ ಕೈಗಿತ್ತಂತೆ.

ಒಟ್ಟಿನಲ್ಲಿ ಐಪಿ ವಿಳಾಸವು ಮನೆಯನ್ನು ಸೂಚಿಸುತ್ತದೆ, ಮನುಷ್ಯನನ್ನಲ್ಲ. ಊರನ್ನು ಊಹಿಸುತ್ತದೆ, ಬಾಗಿಲನ್ನು ತೋರಿಸದು. ಸುಳಿವನ್ನು ಕೊಡುತ್ತದೆ, ತೀರ್ಪನ್ನು ಕೊಡದು. ಮನೆಯ ಸಂಪರ್ಕವು ಯಾರ ಹೆಸರಿನಲ್ಲಿದೆ, ಗುಪ್ತಪದ ಯಾರ ಯಾರ ಬಳಿ ಇದೆ, ಕೊನೆಯ ಬಾರಿ ಅದನ್ನು ಬದಲಿಸಿದ್ದು ಯಾವಾಗ ಎಂಬುದನ್ನು ಮನೆಮಂದಿಯೆಲ್ಲ ಒಂದು ಸಂಜೆ ಕುಳಿತು ವಿಚಾರಿಸಿಕೊಳ್ಳಲೆಂದು ನಾವು ಆಶಿಸುತ್ತೇವೆ. ಅದಕ್ಕೆ ಅರ್ಧ ಗಂಟೆಯ ಅವಧಿ ಸಾಕು.